ಗೋಡೆಗಿಟ್ಟ ಬೊಟ್ಟು

ತುಮಕೂರಿನ ಬಿ.ಎಚ್. ರಸ್ತೆಯಲ್ಲಿ ಈಗ ಬರೀ ಗೋಡೆ ಅನ್ನುವುದು ಕಣ್ಣಿಗೆ ಬೀಳುವುದೇ ಅಪರೂಪ. ಇಟ್ಟಿಗೆಗೆ ಗಾರೆ ಮೆತ್ತಿ ಸುಣ್ಣ ಬಳಿದರೆ ಸಾಕು ಅನ್ನುವ ಕಾಲ ಹೋಯಿತು. ಅಂಗಡಿ ಕಟ್ಟಿಸಿದವರೆಲ್ಲ ಗೋಡೆಯ ಮೇಲೆ ಇನ್ನೊಂದು ಗೋಡೆ ಹೊದಿಸುತ್ತಾರೆ. ಒಬ್ಬರು ಗಾಜು, ಒಬ್ಬರು ಹೊಳೆಯುವ ಶೀಟು, ಮತ್ತೊಬ್ಬರು ರಾಜಸ್ಥಾನದಿಂದ ಲಾರಿಯಲ್ಲಿ ಬಂದ ಕಲ್ಲಿನ ಹಲಗೆ. ಮದುವೆ ಹೆಣ್ಣಿಗೆ ಉಡಿಸಿದ ಹಾಗೆ ಉಡಿಸುತ್ತಾರೆ. ಉಡಿಸಿದ್ದನ್ನು ಒಗೆಯುವವರು ಯಾರು ಅಂತ ಮಾತ್ರ ಒಬ್ಬರೂ ಯೋಚಿಸಿರುವುದಿಲ್ಲ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಬೋರ್ಡಿನ ಬೋಲ್ಟುಗಳಿಂದ ತುಕ್ಕಿನ ನೀರು ಇಳಿದಿರುತ್ತದೆ, ಪಾರಿವಾಳಗಳು ತಮ್ಮ ಪಾಲಿನ ಕೆಲಸ ಮಾಡಿರುತ್ತವೆ, ಎಲೆಅಡಿಕೆಯವರು ಮೂಲೆ ಹುಡುಕಿ ಉಗಿದಿರುತ್ತಾರೆ. ಆಗ ಮರಳೂರಿಗೆ ಫೋನ್ ಬರುತ್ತದೆ.

ಮರಳೂರಿನಲ್ಲಿ, ಹಿಟ್ಟಿನ ಗಿರಣಿಯೊಂದರ ಮಹಡಿ ಮೇಲಿನ ಬಾಡಿಗೆ ಮನೆಯಲ್ಲಿ, ವನಜಾಕ್ಷಿ ಮತ್ತು ಅವಳ ಗಂಡ ಅನಂತರಾಜು ಇದ್ದಾರೆ. ಗಂಡ ಹೆಂಡತಿ ಇಬ್ಬರದೂ ಒಂದೇ ಕಸುಬು, ಕಟ್ಟಡಗಳ ಹೊರಮೈಗೆ ಹತ್ತಿದ ಕಲೆ ತೆಗೆಯುವುದು. ಹಳೇ ಓಮ್ನಿ ವ್ಯಾನಿನ ಹಿಂದೆ ‘ಎಲ್ಲಾ ರೀತಿಯ ಕಲೆ ತೆಗೆಯಲಾಗುತ್ತದೆ’ ಎಂದು ಬರೆಸಿದ್ದಾರೆ. ಅನಂತರಾಜು ಗುಬ್ಬಿಯವನು. ನಾಟಕದ ಊರು. ಆ ವ್ಯಾನು ಮೊದಲ ಸಲ ಊರಿಗೆ ಹೋದಾಗ ಅವನ ಸೋದರಮಾವ ಹಿಂದಿನ ಬರಹ ಓದಿ, “ಏನ್ಲಾ, ನಮ್ಮೂರೋರು ಕಲೆ ಬೆಳೆಸಿದ್ರು, ನೀನು ತೆಗೆಯಕ್ಕೆ ಹೊಂಟಿದ್ದೀಯಲ್ಲ!” ಎಂದು ಊರಿಗೆಲ್ಲ ಕೇಳುವಂತೆ ನಕ್ಕಿದ್ದ. ಅನಂತರಾಜು ನಗಲಿಲ್ಲ. ಕಸುಬಿನ ವಿಷಯಕ್ಕೆ ಅವನಿಗೆ ತಮಾಷೆ ಹಿಡಿಸುವುದಿಲ್ಲ.

ಮೊದಲು ಅವನು ಪೇಂಟರ್. ಗೋಡೆಗಳೆಲ್ಲ ಶೀಟು ಹೊದ್ದುಕೊಳ್ಳಲು ಶುರುವಾದಾಗ ಬಣ್ಣದ ಕೆಲಸ ಕಮ್ಮಿಯಾಗಿ ಇದಕ್ಕೆ ಇಳಿದ. ಇಳಿದ ಅನ್ನುವುದಕ್ಕಿಂತ ಹತ್ತಿದ ಅನ್ನಬೇಕು. ಹಗ್ಗಕ್ಕೆ ಕಟ್ಟಿದ ಹಲಗೆಯ ಮೇಲೆ ಕೂತು ನಾಲ್ಕನೇ ಮಹಡಿಯಿಂದ ಉಜ್ಜುತ್ತಾ ಬರುವುದು ಅವನ ಪಾಲು. ಕೆಳಗೆ ನಿಂತು ಸೋಪಿನ ನೀರು ಕಲಸುವುದು, ಬಕೆಟ್ಟು ಮೇಲೆ ಕಳಿಸುವುದು, ನೀರು ಬಿತ್ತು ಅಂತ ಜಗಳಕ್ಕೆ ಬರುವ ದಾರಿಹೋಕರಿಗೆ ಸರಿಯಾಗಿ ಉತ್ತರ ಕೊಡುವುದು ವನಜಾಕ್ಷಿಯ ಪಾಲು. ಈ ಕೊನೆಯ ಕೆಲಸದಲ್ಲಿ ಅವಳನ್ನು ಮೀರಿಸುವವರು ಮೂರು ತಾಲ್ಲೂಕಿನಲ್ಲಿ ಯಾರೂ ಇಲ್ಲ.

ಅನಂತರಾಜುವಿಗೆ ಕಲೆ ಅಂದರೆ ವೈರಿ. “ಯಾವ ಕಲೆ ಅಂತ ತಿಳ್ಕಳ್ದೆ ಕೈ ಹಚ್ಬಾರ್ದು. ಶೀಟಿಗೆ ಥಿನ್ನರ್ ಸುರಿದ್ರೆ ಕಲೆ ಜೊತೆ ಬಣ್ಣಾನೂ ಎದ್ದು ಬರ್ತದೆ. ನೆಗಡಿ ಬಂತು ಅಂತ ಮೂಗು ಕೊಯ್ಕಂಡಂಗೆ” ಎನ್ನುತ್ತಾನೆ. ಕೆಲಸ ಮುಗಿದ ಮೇಲೆ ಸಾಸಿವೆ ಕಾಳಿನಷ್ಟು ಗುರುತು ಉಳಿದಿದ್ದರೂ ಅವನಿಗೆ ಅನ್ನ ಸೇರುವುದಿಲ್ಲ. ಇಂಥವನನ್ನು ಕಟ್ಟಿಕೊಂಡ ವನಜಾಕ್ಷಿಯೇ ಅವನು ತೊಳೆದ ಪ್ರತಿ ಕಟ್ಟಡಕ್ಕೂ ತನ್ನ ಕೈಯಾರೆ ಒಂದು ಕಲೆ ಇಟ್ಟು ಬರುತ್ತಿದ್ದಳು ಅಂದರೆ ಯಾರು ನಂಬುತ್ತಾರೆ? ಆದರೂ ಇಡುತ್ತಿದ್ದಳು. ಅದಕ್ಕೆ ಕಾರಣ ಇತ್ತು.

ವನಜಾಕ್ಷಿ ಊರ್ಡಿಗೆರೆಯವಳು. ಅವಳನ್ನು ಸಾಕಿದ್ದು ಅಜ್ಜಿ ರಂಗಮ್ಮ. ಆ ಮುದುಕಿಯ ಕಣ್ಣಿಗೆ ಲೋಕದಲ್ಲಿ ಚೆನ್ನಾಗಿರುವುದೆಲ್ಲ ಅಪಾಯದಲ್ಲಿರುವುದೇ. ಹರಳೆಣ್ಣೆ ದೀಪದ ಮೇಲೆ ಹಿತ್ತಾಳೆ ತಟ್ಟೆ ಕವುಚಿ, ಕೂತ ಮಸಿಯನ್ನು ಅದೇ ಎಣ್ಣೆಯಲ್ಲಿ ಕಲಸಿ ಕಾಡಿಗೆ ಮಾಡಿಡುತ್ತಿದ್ದಳು. ಮಕ್ಕಳ ಕೆನ್ನೆಗೆ ಬೊಟ್ಟು ಸರಿ, ಅದು ಎಲ್ಲರ ಮನೆಯಲ್ಲೂ ಉಂಟು. ರಂಗಮ್ಮ ಈಗ ತಾನೇ ಹುಟ್ಟಿದ ಕರುವಿಗೂ ಇಡುತ್ತಿದ್ದಳು, ಹೊಸ ಮೊರಕ್ಕೂ ಇಡುತ್ತಿದ್ದಳು, ಚಪ್ಪರದಲ್ಲಿ ದಪ್ಪನಾಗಿ ಬಿಟ್ಟ ಸೋರೆಕಾಯಿಗೂ ಇಡುತ್ತಿದ್ದಳು. “ಮನುಷ್ಯರ ಕಣ್ಣು ಬಿದ್ರೆ ಕಲ್ಲೂ ಸಿಡೀತದೆ ಕಣವ್ವ” ಅನ್ನುವುದು ಅವಳ ಮಾತು. ವನಜಾಕ್ಷಿ ಶಾಲೆಗೆ ಹೋದಳು, ಹತ್ತನೇ ಕ್ಲಾಸು ಪಾಸಾದಳು, ಮೊಬೈಲಿನಲ್ಲಿ ಕರೆಂಟ್ ಬಿಲ್ಲು ಕಟ್ಟುವುದು ಕಲಿತಳು. ಕಾಡಿಗೆಯ ಡಬ್ಬಿ ಮಾತ್ರ ಬಿಡಲಿಲ್ಲ. ದಿನಾ ಬೆಳಿಗ್ಗೆ ತನ್ನ ಕಣ್ಣಿಗೆ ತೀಡಿಕೊಂಡು ಡಬ್ಬಿಯನ್ನು ಸೊಂಟದ ಸಂಚಿಗೆ ಸೇರಿಸುತ್ತಾಳೆ.

ಮೂರು ವರ್ಷದ ಹಿಂದೆ ಕುಣಿಗಲ್ಲಿನಲ್ಲಿ ಒಂದು ಬಟ್ಟೆ ಅಂಗಡಿಯ ಕಟ್ಟಡ ತೊಳೆದರು. ಕೊನೆಯ ದಿನ ಕಟ್ಟಡ ಮೊನ್ನೆ ಕಟ್ಟಿದ ಹಾಗೆ ಹೊಳೆಯುತ್ತಿತ್ತು. ಬಸ್ಸಿಗೆ ಕಾಯುತ್ತಿದ್ದವರೆಲ್ಲ ಕತ್ತೆತ್ತಿ ನೋಡುತ್ತಿದ್ದರು. ಒಬ್ಬ ಹೆಂಗಸು ಬಾಯಿ ಮೇಲೆ ಕೈಯಿಟ್ಟು, “ಅಯ್ಯೋ ನೋಡೇ, ಏನು ಹೊಳೀತೈತೆ! ಆ ವಯ್ಯ ಗಾಳೀಲೇ ಕುಂತ್ಕಂಡು ಉಜ್ಜವ್ನಲ್ಲೇ!” ಎಂದಳು. ಆ ಮಾತು ವನಜಾಕ್ಷಿಯ ಕಿವಿಗೆ ಬಿದ್ದು ಸ್ವಲ್ಪ ಹೊತ್ತಾಗಿರಬೇಕು. ಹಗ್ಗ ಬಿಚ್ಚಲು ತಾರಸಿಗೆ ಹೋಗಿದ್ದ ಅನಂತರಾಜು ಅಂಚಿನಲ್ಲಿ ಕಾಲು ಜಾರಿ ಕೆಳಗಿನ ಸಜ್ಜೆಯ ಮೇಲೆ ಬಿದ್ದ. ಸಜ್ಜೆ ಇದ್ದದ್ದಕ್ಕೆ ಭುಜದ ಮೂಳೆಯಲ್ಲಿ ಮುಗಿಯಿತು. ಇಲ್ಲದಿದ್ದರೆ ಏನಾಗುತ್ತಿತ್ತು ಅನ್ನುವುದನ್ನು ವನಜಾಕ್ಷಿ ಇವತ್ತಿಗೂ ಪೂರ್ತಿ ಯೋಚಿಸುವುದಿಲ್ಲ, ಅರ್ಧಕ್ಕೇ ಎದ್ದು ಬೇರೆ ಕೆಲಸಕ್ಕೆ ಹೋಗುತ್ತಾಳೆ.

ಶೂ ಸವೆದಿತ್ತು ಅಂತ ಅನಂತರಾಜು ಹೇಳಿದ. ಸವೆದಿದ್ದು ನಿಜ. ವನಜಾಕ್ಷಿ ಅದನ್ನು ಅಲ್ಲಗಳೆಯಲಿಲ್ಲ, ಅವನನ್ನು ಆಸ್ಪತ್ರೆಯಿಂದ ಕರೆತರುವ ದಾರಿಯಲ್ಲೇ ಹೊಸ ಶೂ ಕೊಡಿಸಿದಳು. ಆದರೆ ಅದೇ ಶೂ ಬೆಳಿಗ್ಗೆಯೂ ಸವೆದೇ ಇತ್ತಲ್ಲ, ಆಗ ಯಾಕೆ ಜಾರಲಿಲ್ಲ?  

ಅಂದಿನಿಂದ ಶುರುವಾಯಿತು. ಕೆಲಸ ಮುಗಿದು, ಗಂಡ ಹಗ್ಗ ಬಿಚ್ಚಲು ಮೇಲೆ ಹೋದ ತಕ್ಷಣ ವನಜಾಕ್ಷಿ ಆಚೆ ಈಚೆ ನೋಡಿ ಮೂಲೆಯ ಕಂಬದ ಹಿಂದೆ ಹೋಗುತ್ತಾಳೆ. ಡಬ್ಬಿಗೆ ಬೆರಳು ಅದ್ದಿ, ಮೊಣಕಾಲೆತ್ತರದಲ್ಲಿ ಕಲ್ಲಿಗೋ ಶೀಟಿಗೋ ಒಂದು ಬೊಟ್ಟು ಒತ್ತಿ ಬರುತ್ತಾಳೆ. ನೋಡುವವರ ಕಣ್ಣು ಮೊದಲು ಬೀಳುವುದು ಕಟ್ಟಡದ ಮೇಲೆ ತಾನೇ? ಅಲ್ಲೇ ಒಡೆದು ಹೋಗಲಿ, ಹಗ್ಗದ ತುದಿಯಲ್ಲಿರುವ ಮನುಷ್ಯನ ತನಕ ಹೋಗದಿರಲಿ. ಇಷ್ಟೇ ಅವಳ ಲೆಕ್ಕಾಚಾರ. ಗಂಡ ಇಳಿದು ಬರುವಷ್ಟರಲ್ಲಿ ಅವಳು ಬಕೆಟ್ಟು ತೊಳೆಯುತ್ತಿರುತ್ತಾಳೆ, ಮುಖ ನೋಡಿದರೆ ದೇವರಾಯನದುರ್ಗದ ನರಸಿಂಹನಿಗೆ ಕೈ ಮುಗಿದು ಬಂದವಳ ಹಾಗಿರುತ್ತದೆ.

ತಪ್ಪು ಮಾಡುತ್ತಿದ್ದೇನೆ ಅನ್ನುವ ಅಳುಕು ಅವಳಿಗೆ ಇರಲಿಲ್ಲ ಅಂತಲ್ಲ. ಗಂಡನ ಹೆಸರಿಗೆ ತಾನೇ ಮಸಿ ಬಳಿಯುತ್ತಿದ್ದೇನೆ ಅಂತ ಎಷ್ಟೋ ಸಲ ಅನ್ನಿಸುತ್ತಿತ್ತು. ಆದರೆ ಅವನು ಏಟಿಲ್ಲದೆ ಇಳಿದು ಬಂದು “ಟೀ ಕುಡಿಯೋಣ್ವಾ?” ಅಂದಾಗ ಆ ಅಳುಕೆಲ್ಲ ಹೋಗುತ್ತಿತ್ತು.

ಈ ವರ್ಷ ಒಂದು ದೊಡ್ಡ ಕೆಲಸ ಬಂತು. ಲಕ್ಷ್ಮೀಕಾಂತ್ ಅವರು ಕೊಬ್ಬರಿ ವ್ಯಾಪಾರದಲ್ಲಿ ಮೇಲೆ ಬಂದವರು. ಗುಬ್ಬಿ, ಕುಣಿಗಲ್, ತುಮಕೂರು ಮೂರೂ ಕಡೆ ಅವರ ಕಾಂಪ್ಲೆಕ್ಸುಗಳಿವೆ. ಹಿಂದಿನ ವರ್ಷ ಗುಬ್ಬಿಯದನ್ನೂ ಕುಣಿಗಲ್ಲಿನದನ್ನೂ ತೊಳೆದದ್ದು ಇದೇ ಗಂಡ ಹೆಂಡತಿ. ತುಮಕೂರಿನದು ಅವೆರಡಕ್ಕಿಂತ ಹೊಸದು, ಕೆನೆ ಬಣ್ಣದ ಕಲ್ಲಿನ ಹೊದಿಕೆ. ಅದರ ಕಥೆಯೇ ಬೇರೆ. ಪ್ರಾರಂಭೋತ್ಸವದ ದಿನ ದೃಷ್ಟಿ ತೆಗೆಯಲು ಬೂದುಗುಂಬಳಕಾಯಿಯೊಳಗೆ ಕುಂಕುಮ ತುಂಬಿ ಒಡೆಸಿದರಂತೆ. ಒಡೆದವರು ಹಿರೀ ಅಳಿಯ. ಮಾವನ ಮುಂದೆ ಬಲ ತೋರಿಸಲು ಹೋಗಿ ರಸ್ತೆಗೆ ಒಡೆಯುವ ಬದಲು ಮೆಟ್ಟಿಲಿಗೇ ಒಡೆದರು. ಕುಂಕುಮದ ನೀರು ಸೊಂಟದೆತ್ತರಕ್ಕೆ ಕಲ್ಲಿಗೆ ಚಿಮ್ಮಿತು. ವಾಚ್‌ಮನ್ ಅದರ ಮೇಲೆ ಬಚ್ಚಲು ತೊಳೆಯುವ ಆಸಿಡ್ ಸುರಿದು ಉಜ್ಜಿ, ಇನ್ನಷ್ಟು ಒಳಕ್ಕೆ ಇಳಿಸಿದ. ಆಮೇಲೆ ಯಾರ್ಯಾರೋ ಬಂದರು, ಯಾರಿಂದಲೂ ಆಗಲಿಲ್ಲ. ಊರಿಗೆಲ್ಲ ಅದು ‘ರಕ್ತದ ಕಾಂಪ್ಲೆಕ್ಸು’ ಆಯಿತು.

“ಆಯುಧಪೂಜೆ ಒಳಗೆ ಇದು ಹೋಗ್ಬೇಕು ಅನಂತರಾಜು,” ಎಂದರು ಲಕ್ಷ್ಮೀಕಾಂತ್. “ಹೋಯ್ತು ಅಂದ್ರೆ ಮೂರೂ ಬಿಲ್ಡಿಂಗಿನ ವರ್ಷದ ಕೆಲಸ ನಿಮಗೇ ಬರ್ಕೊಡ್ತೀನಿ.”

“ಈ ಸಲ ಕುಂಬಳಕಾಯಿ ರೋಡಲ್ಲೇ ಒಡೆಸಿ ಸಾರ್,” ಎಂದಳು ವನಜಾಕ್ಷಿ. ಅನಂತರಾಜು ಅವಳ ಕಡೆ ಕಣ್ಣು ಬಿಟ್ಟ.

ವರ್ಷದ ಕೆಲಸ ಅಂದರೆ ವನಜಾಕ್ಷಿಗೆ ಬೇರೆಯದೇ ಅರ್ಥ. ಕೆಲಸ ಖಾಯಂ ಆದರೆ ಹಗ್ಗಕ್ಕೆ ಇಬ್ಬರು ಗಟ್ಟಿ ಆಳುಗಳನ್ನು ಇಟ್ಟುಕೊಳ್ಳಬಹುದು. ಅನಂತರಾಜು ಕೆಳಗೆ ನಿಂತು ಹೇಳಿಕೊಟ್ಟರೆ ಸಾಕು. ಅವತ್ತು ರಾತ್ರಿ ಊಟಕ್ಕೆ ಕೂತಾಗ ಅವಳು ಅವನಿಂದ ಮಾತು ತೆಗೆದುಕೊಂಡಳು. ವರ್ಷದ ಕೆಲಸ ಸಿಕ್ಕಿದರೆ ಇನ್ನು ಹಗ್ಗ ಹತ್ತಬಾರದು. ಮುದ್ದೆ ಮುರಿಯುತ್ತಿದ್ದ ಅವನು “ಸಿಗ್ಲಿ ನೋಡಾಣ” ಅಂದ. ಅನಂತರಾಜುವಿನ ಬಾಯಲ್ಲಿ ಅದು ಹೂಂ ಅಂದ ಹಾಗೆಯೇ.

ಕೆಲಸ ಹಿಡಿದು ಮಾಡಿದರು. ಮೇಲಿನ ಮಹಡಿಗಳ ತುಕ್ಕಿನ ಗೆರೆ, ಜೇನು ಕಟ್ಟಿ ಬಿಟ್ಟುಹೋದ ಜಾಗದ ಮೇಣ, ಹೊಗೆ ಎಲ್ಲ ಹಗ್ಗದ ಮೇಲಿನಿಂದ ಹೋದವು. ಕುಂಕುಮ ಮಾತ್ರ ಜಪ್ಪಯ್ಯ ಅಂದರೂ ಹೋಗಲಿಲ್ಲ. ಕೊನೆಗೆ ಪಟ್ಟು ಹಾಕಿದರು. ಬಿಳೀ ಮಣ್ಣಿನಂಥ ಪುಡಿಗೆ ಔಷಧಿ ಸೇರಿಸಿ ಇಡ್ಲಿ ಹಿಟ್ಟಿನ ಹದಕ್ಕೆ ಕಲಸಿ ಕಲೆಯ ಮೇಲೆ ಮೆತ್ತಿ, ಪ್ಲಾಸ್ಟಿಕ್ ಹೊದಿಸಿ ಬಿಡುವುದು. ಒಣಗುತ್ತಾ ಅದು ಕಲ್ಲಿನೊಳಗಿನ ಬಣ್ಣವನ್ನು ಹೀರುತ್ತದೆ. ದಿನಾ ಹೊಸ ಪಟ್ಟು, ದಿನಾ ಒಂದಿಷ್ಟು ಗುಲಾಬಿ ಬಣ್ಣ. ಅನಂತರಾಜು ಮಂಡಿಯೂರಿ ಮಂಡಿಯೂರಿ ಪ್ಯಾಂಟು ಹರಿದುಕೊಂಡ. ಒಂದು ಮಧ್ಯಾಹ್ನ ಪಟ್ಟು ಕೆರೆದರೆ ಕೆಳಗೆ ಬರೀ ಕಲ್ಲು, ಕೆನೆಯ ಬಣ್ಣದ್ದು. ಅನಂತರಾಜು ಅದನ್ನು ಅಂಗೈಯಿಂದ ಸವರುತ್ತಾ ಕೂತ. ಆ ಹೊತ್ತಿನಲ್ಲಿ ಅವನ ಮೇಲೆ ವನಜಾಕ್ಷಿಗೆ ಬಂದ ಪ್ರೀತಿಯನ್ನು ಅವಳು ಯಾರಿಗೂ ಹೇಳಲಾರಳು, ಅಷ್ಟು ಬಂತು.

ಮಾರನೆಯ ದಿನ ಅನಂತರಾಜು ಹಗ್ಗ ಬಿಚ್ಚಲು ತಾರಸಿಗೆ ಹೊರಟ. ಎದುರಿನ ಬಸ್‌ಸ್ಟಾಪಿನಲ್ಲಿ ಜನ ನಿಂತು ನೋಡುತ್ತಿದ್ದರು. “ರಕ್ತದ ಕಲೆ ಹೋಗೇಬುಡ್ತಲ್ಲ, ಭಾರೀ ಕೈ ಬುಡು ಆ ವಯ್ಯಂದು” ಅಂತ ಒಬ್ಬರು ಅಂದಿದ್ದು ವನಜಾಕ್ಷಿಯ ಕಿವಿಗೆ ಬಿತ್ತು. ಓಡಿಹೋಗಿ ಮೂಲೆಯ ಕಂಬದ ಹಿಂದೆ ಬೊಟ್ಟು ಒತ್ತಿದಳು. ಬೆರಳು ಒರೆಸಿಕೊಳ್ಳುವಷ್ಟರಲ್ಲಿ ಕಾರು ಬಂದು ನಿಂತಿತು. ಸಂಜೆ ಬರುತ್ತೇನೆ ಅಂದಿದ್ದ ಲಕ್ಷ್ಮೀಕಾಂತ್ ಬೆಳಿಗ್ಗೆಯೇ ಬಂದಿದ್ದರು. ಜೊತೆಗೆ ಅವರ ಮ್ಯಾನೇಜರ್ ಸಿದ್ಧಾರ್ಥ್. ಮೇಲಿನಿಂದ ಕಾರು ಕಂಡ ಅನಂತರಾಜು ಹಗ್ಗ ಹಾಗೇ ಬಿಟ್ಟು, ಹೆಲ್ಮೆಟ್ ತಲೆಯ ಮೇಲೇ ಇಟ್ಟುಕೊಂಡು ಇಳಿದು ಬಂದ.

ಲಕ್ಷ್ಮೀಕಾಂತ್ ಕಲೆ ಇದ್ದ ಜಾಗವನ್ನು ಬಗ್ಗಿ ನೋಡಿದರು, ಮುಟ್ಟಿ ನೋಡಿದರು. “ಭೇಷ್!” ಅಂದರು. ಕೈ ಕುಲುಕಲು ಕೈಯನ್ನೂ ಚಾಚಿದರು. ಅಷ್ಟರಲ್ಲಿ ಫೋಟೋ ತೆಗೆಯುತ್ತಾ ಸುತ್ತು ಹೊಡೆಯುತ್ತಿದ್ದ ಸಿದ್ಧಾರ್ಥ್ ಕಂಬದ ಹಿಂದಿನಿಂದ ಕೂಗಿದ.

“ಸಾರ್, ಇಲ್ಲೊಂದು ಉಳ್ಕೊಂಡಿದೆ. ಇಲ್ಲಿ ಮಾತ್ರ ಅಲ್ಲ, ಒಂದ್ನಿಮಿಷ…” ಅವನು ಮೊಬೈಲಿನಲ್ಲಿ ಹಳೆಯ ಫೋಟೋಗಳನ್ನು ಹುಡುಕಿ ತೋರಿಸಿದ. “ಇದು ನಮ್ಮ ಗುಬ್ಬಿ ಬಿಲ್ಡಿಂಗು. ಇದು ಕುಣಿಗಲ್. ಮೂರು ಕಡೆನೂ ಅದೇ ಮೂಲೆ, ಅದೇ ಚುಕ್ಕೆ. ಏನಿದು ಅನಂತಣ್ಣ, ನಿಮ್ಮ ಕಂಪ್ನಿ ಸೀಲಾ?”

ಅನಂತರಾಜುವಿನ ಮುಖ ಕಪ್ಪಿಟ್ಟಿತು. ಕಂಬದ ಹಿಂದೆ ಮಂಡಿಯೂರಿ ಚುಕ್ಕೆಯನ್ನು ಹೆಬ್ಬೆರಳಿನಿಂದ ಉಜ್ಜಿದ. ಬೆರಳು ಮೂಗಿನ ಹತ್ತಿರ ತಂದ. ಹರಳೆಣ್ಣೆಯ ವಾಸನೆ. ಇಷ್ಟು ವರ್ಷದ ಸಂಸಾರದಲ್ಲಿ ದಿನಾ ಬೆಳಿಗ್ಗೆ ಪಕ್ಕದಲ್ಲೇ ಹಾಯುವ ವಾಸನೆ. ಅವನು ನಿಧಾನಕ್ಕೆ ತಿರುಗಿ ಹೆಂಡತಿಯ ಕಣ್ಣಿನ ಕಾಡಿಗೆ ನೋಡಿದ. ವನಜಾಕ್ಷಿ ನೆಲ ನೋಡಿದಳು.

ಅವನು ಬೈಯುತ್ತಾನೆ ಅಂತ ಕಾದಳು. ಬೈಯಲಿಲ್ಲ. ಎದ್ದು ನಿಂತು, “ತಪ್ಪಾಯ್ತು ಸಾರ್. ನನ್ನ ಕೈಯಿಂದ್ಲೇ ಆಗಿರೋದು. ನೋಡ್ಕಳ್ಲಿಲ್ಲ” ಅಂದ.

ಕಲೆಯ ವಿಷಯದಲ್ಲಿ ಆ ಮನುಷ್ಯ ಹುಟ್ಟಿದ ಮೇಲೆ ಹೇಳಿದ ಮೊದಲ ಸುಳ್ಳು ಅದು. ಬೈದಿದ್ದರೆ ವನಜಾಕ್ಷಿ ತಡೆದುಕೊಳ್ಳುತ್ತಿದ್ದಳು, ಇದನ್ನು ತಡೆದುಕೊಳ್ಳಲಾಗಲಿಲ್ಲ.

“ಅವ್ರಲ್ಲ ಸಾರ್, ನಾನಿಟ್ಟಿದ್ದು. ಮೂರು ಕಡೆನೂ ನಾನೇ. ದೃಷ್ಟಿಬೊಟ್ಟು.”

“ಏನಮ್ಮಾ ನೀನು!” ಲಕ್ಷ್ಮೀಕಾಂತರ ದನಿ ಏರಿತು. “ಅಷ್ಟು ದೂರದಿಂದ ಕಲ್ಲು ತರ್ಸಿ ಹಾಕ್ಸಿರೋದು ನೀನು ಕಾಡಿಗೆ ಹಚ್ಲಿ ಅಂತಾನಾ? ನನ್ನ ಬಿಲ್ಡಿಂಗಿಗೆ ದೃಷ್ಟಿ ತೆಗೆಯೋಕೆ ನಿನಗೆ ಹೇಳಿದ್ಯಾರು?”

“ನಿಮ್ಮ ಬಿಲ್ಡಿಂಗಿಗೆ ಅಲ್ಲ ಸಾರ್.” ಅವಳು ತಲೆಯೆತ್ತಿದಳು. “ಬಿಲ್ಡಿಂಗಿಗೆ ಕಣ್ಣಾಗ್ಬಾರ್ದು ಅಂತ ನೀವು ಕುಂಬಳಕಾಯಿ ಒಡೆಸಿದ್ರಿ. ಸರಿ. ಅದರ ಮೇಲೆ ಹಗ್ಗಕ್ಕೆ ನೇತಾಕ್ಕಂಡೋರಿಗೆ ಕಣ್ಣಾದ್ರೆ ಯಾರು ಒಡೆಸ್ತಾರೆ ಹೇಳಿ? ಕುಣಿಗಲ್ಲಲ್ಲಿ ಬಟ್ಟೆ ಅಂಗಡಿ ಮೇಲಿಂದ ಇವ್ರು ಬಿದ್ದಾಗ ನಾನು ಕೆಳಗೆ ನಿಂತಿದ್ದೆ ಸಾರ್. ನಾನು ನೋಡಿದೀನಿ.”

ಲಕ್ಷ್ಮೀಕಾಂತ್ ಕಾರಿನ ಕಡೆ ನೋಡುತ್ತಾ, “ಅದೆಲ್ಲ ಇರ್ಲಿ. ಮೊದ್ಲು ಅದು ಹೋಗ್ಬೇಕು. ಹೋಗೋ ತನಕ ವರ್ಷದ ಕೆಲಸದ ಮಾತು ಬೇಡ” ಅಂದರು.

“ಪಟ್ಟು ಕಲಸು ವನಜಾ,” ಎಂದ ಅನಂತರಾಜು.

“ಕಲಸ್ತೀನಿ. ಆದ್ರೆ ಹಗ್ಗ ಇನ್ನೂ ಮೇಲೇ ಐತೆ. ನೀವು ಹೋಗಿ ಬಿಚ್ಚಿ ಇಳಿಯೋಗಂಟ ನಾನು ಬೊಟ್ಟು ಮುಟ್ಟಲ್ಲ.”

“ಯಜಮಾನ್ರ ಮುಂದೆ ಮರ್ಯಾದೆ ಹೋಗ್ತಾ ಐತೆ ಕಣೇ!”

“ಮರ್ಯಾದೆ ಹೋದ್ರೆ ತಿರುಗಾ ಬರ್ತೈತೆ ಕಣ್ರೀ. ನೀವು ಹೋದ್ರೆ?”

ಬಸ್‌ಸ್ಟಾಪಿನ ಜನ ರಸ್ತೆ ದಾಟಿ ಈಚೆಗೇ ಬಂದಿದ್ದರು. ನಮ್ಮ ಜನಕ್ಕೆ ಗಂಡ ಹೆಂಡಿರ ಜಗಳದ ಮುಂದೆ ಬಸ್ಸು ಯಾವ ಲೆಕ್ಕ? ಅನಂತರಾಜು ದನಿ ತಗ್ಗಿಸಿ, “ಅಷ್ಟು ಭಯ ಇದ್ದೋಳು ಗೋಡೆಗ್ಯಾಕೆ ಇಟ್ಟೆ? ನನಗೇ ಇಡ್ಬೋದಿತ್ತಲ್ಲ” ಅಂದ.

“ಕೇಳ್ಳಿಲ್ವಾ ನಾನು? ಕುಣಿಗಲ್ಲಿಂದ ಬಂದ್ಮೇಲೆ ಎಷ್ಟು ಸಲ ಕೇಳ್ಳಿಲ್ಲ? ‘ನಾನೇನು ತೊಟ್ಲು ಮಗೂನಾ’ ಅಂತ ಮುಖ ತಿರುಗಿಸ್ಕಂಡ್ರಿ. ನೀವು ತಿರುಗಿಸ್ಕಂಡಂಗೆ ಗೋಡೆ ತಿರುಗಿಸ್ಕಳಲ್ಲ.”

ಅನಂತರಾಜು ಯಜಮಾನರನ್ನು ನೋಡಿದ, ಸಿದ್ಧಾರ್ಥನನ್ನು ನೋಡಿದ, ನೆರೆದಿದ್ದ ಜನರನ್ನು ನೋಡಿದ. ಆಮೇಲೆ ಹೆಲ್ಮೆಟ್ಟಿನ ಪಟ್ಟಿ ಬಿಚ್ಚಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಹೆಂಡತಿಗಿಂತ ಒಂದು ಗೇಣು ಎತ್ತರದ ಗಂಡಸು, ಬೊಟ್ಟಿಗೆ ಎಟುಕುವ ಹಾಗೆ ಮೊಣಕಾಲು ಬಗ್ಗಿಸಿ ಅವಳ ಮುಂದೆ ಕೆನ್ನೆ ಒಡ್ಡಿದ.

“ಇಡು,” ಅಂದ.

ವನಜಾಕ್ಷಿ ಇಟ್ಟ ಬೊಟ್ಟು ಸ್ವಲ್ಪ ದೊಡ್ಡದೇ ಆಯಿತು. ಯಾರೋ ಕಿಸಕ್ಕೆಂದರು. ಅನಂತರಾಜು ತಿರುಗಿ ನೋಡಲಿಲ್ಲ. ಹೆಲ್ಮೆಟ್ ಹಾಕಿಕೊಂಡು, ಕಪ್ಪು ಕೆನ್ನೆ ಹೊತ್ತುಕೊಂಡು, ಮೆಟ್ಟಿಲು ಹತ್ತಿ ತಾರಸಿಗೆ ಹೋದ. ಒಂದೊಂದೇ ಹಗ್ಗ ಬಿಚ್ಚಿ ಸುತ್ತಿದ. ವನಜಾಕ್ಷಿ ಅವನು ಇಳಿಯುವ ತನಕ ಕಾಯಲಿಲ್ಲ. ಕಂಬದ ಹಿಂದೆ ಕೂತು ಪಟ್ಟು ಕಲಸಿ ತನ್ನ ಬೊಟ್ಟಿನ ಮೇಲೆ ತಾನೇ ಮೆತ್ತಿದಳು. ಲಕ್ಷ್ಮೀಕಾಂತ್ ಅದನ್ನೂ ನೋಡಿದರು, ಇದನ್ನೂ ನೋಡಿದರು, ಕಾರು ಹತ್ತಿದರು.

ಆ ರಾತ್ರಿ ವರ್ಷದ ಕೆಲಸ ಕೈಬಿಟ್ಟಿತು ಅಂತಲೇ ವನಜಾಕ್ಷಿ ತಿಳಿದಳು. ಇನ್ನೂ ಎಷ್ಟು ವರ್ಷ ಹಗ್ಗವೋ ಅಂತ ಮಗ್ಗುಲು ಬದಲಿಸಿದಳು. ಬೆಳಿಗ್ಗೆ ಹೋಗಿ ಪಟ್ಟು ಕೆರೆದಾಗ ಕಂಬ ಚೊಕ್ಕವಾಗಿತ್ತು. ಸಿದ್ಧಾರ್ಥ್ ಫೋಟೋ ಹೊಡೆದು ಯಜಮಾನರಿಗೆ ಕಳಿಸಿದ. ಸ್ವಲ್ಪ ಹೊತ್ತಿಗೆ ಅವರ ಫೋನೇ ಬಂತು. ಮೂರೂ ಬಿಲ್ಡಿಂಗು ನಿಮಗೇ, ಅಂದರು. ಗುಬ್ಬಿ ಮತ್ತು ಕುಣಿಗಲ್ಲಿನ ಚುಕ್ಕೆಗಳನ್ನೂ ತೆಗೆಯಬೇಕು, ಅಂದರು. ಅನಂತರಾಜು ಹೂಂ ಹೂಂ ಅಂತ ಕೇಳಿಸಿಕೊಂಡು, “ಆಗ್ಲಿ ಸಾರ್. ಹಗ್ಗಕ್ಕೆ ಇನ್ಮೇಲೆ ಬೇರೆ ಆಳು ಬರ್ತಾರೆ, ನಾನು ಕೆಳಗಿರ್ತೀನಿ” ಅಂದ. ಹೆಂಡತಿಗೆ ಕೇಳಲಿ ಅಂತಲೇ ಸ್ವಲ್ಪ ಗಟ್ಟಿಯಾಗಿ ಅಂದ.

ಇಬ್ಬರೂ ಪಕ್ಕದ ಹೋಟೆಲಿಗೆ ಹೋಗಿ ಕೂತರು. ಹಿಂದಿನ ದಿನದ ಬೊಟ್ಟು ಸ್ನಾನದಲ್ಲಿ ಅರ್ಧ ಹೋಗಿ ಅರ್ಧ ಕೆನ್ನೆಯ ಮೇಲೇ ಇತ್ತು. ಕಾಫಿ ತಂದ ಸಪ್ಲೈಯರ್ ಅದನ್ನು ನೋಡಿ, ಟಿಶ್ಯೂ ಕಾಗದ ಎಳೆದು ಮುಂದಿಟ್ಟ.

“ಅಣ್ಣಾ, ಕೆನ್ನೆ ಮೇಲೆ ಏನೋ ಕಲೆ ಆಗೈತೆ. ಒರಸ್ಕಳಿ.”

ವನಜಾಕ್ಷಿ ಅನಂತರಾಜುವಿನ ಕೈಯನ್ನೇ ನೋಡಿದಳು. ಸಾಸಿವೆ ಕಾಳಿನಷ್ಟು ಕಲೆ ಕಂಡರೂ ಕೈ ಸುಮ್ಮನಿರದ ಗಂಡ ಅವನು. ಅನಂತರಾಜು ಕಾಗದ ತೆಗೆದುಕೊಂಡು, ಟೇಬಲ್ಲಿನ ಮೇಲೆ ಚೆಲ್ಲಿದ್ದ ಕಾಫಿ ಒರೆಸಿದ.

“ಅದು ಇರ್ಲಿ ಬುಡಪ್ಪ,” ಅಂದ. “ನಮ್ಮನೆಯವಳು ಇಟ್ಟಿದ್ದು.”